ಕವಳೆ ಹೂ ಬಿಟ್ಟ ಮೇಲೆ

ಸೋಮಶೇಖರ್ ಅಂದೂ ಗೇಟಿನ ಹೊರಗೇ ನಿಂತ. ತಮ್ಮಿಬ್ಬರ ಮದುವೆಯ ಕರೆಯೋಲೆಗಳ ಕಟ್ಟನ್ನು ಹೇಮಶ್ರೀಯ ಕೈಗಿಟ್ಟು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

"ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ," ಎಂದಳು ಅವಳು.

"ಇನ್ನೊಂದ್ಸಲ ಬತ್ತೀನಿ ಕಣ್ರೀ..." ಎಂದವನೇ ಬೈಕ್ ಹತ್ತಿ ಹೊರಟುಹೋದ.

ಅವನ ಕಣ್ಣು ಕೆಂಪಾಗಿದ್ದನ್ನು ಅವಳು ನೋಡಿದ್ದಳು. ಅತ್ತಿದ್ದಾನಾ? ಯಾರಿಗಾಗಿ...?

ನಿಶ್ಚಿತಾರ್ಥವಾದ ಹೊಸದರಲ್ಲಿ ಹೀಗಿರಲಿಲ್ಲ. ಕೆ.ಆರ್. ನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನು ಭಾನುವಾರ ಬಂತೆಂದರೆ ಹಾರನಹಳ್ಳಿಯ ಅವಳ ಮನೆಗೆ ಬಂದು, ಅಂಗಳದ ಕವಳೆ ಗಿಡದ ಪಕ್ಕ ಕೂತು, ಹೊತ್ತು ಹೋಗಿದ್ದೇ ತಿಳಿಯದಂತೆ ಮಾತಾಡುತ್ತಿದ್ದ.

ಆ ಗಿಡ ಹೇಮಶ್ರೀಯೇ ಬೆಳೆಸಿದ್ದು. ಸೋದರತ್ತೆಯ ಊರಾದ ಹಂಪಾಪುರದ ಕಾಡಂಚಿನಲ್ಲಿ ಹಣ್ಣು ತಿಂದು, ಬೀಜ ತಂದು ಹಾಕಿದ್ದಳು. ಬೇಲಿಯಲ್ಲಿ ಅಡ್ಡಾದಿಡ್ಡಿ ಹಬ್ಬುವ ಮುಳ್ಳುಗಿಡವನ್ನು, ಹಣ್ಣು ಮುಗಿದ ಮೇಲೆ ವರ್ಷವೂ ಸವರಿ ಸೊಂಟದೆತ್ತರಕ್ಕೆ ದುಂಡಗೆ ನಿಲ್ಲಿಸಿದ್ದಳು. ಮುಳ್ಳಿಗೆ ಇಷ್ಟು ಉಪಚಾರವೇ ಎಂದು ಗೊಣಗುವ ತಾಯಿ ಪ್ರೇಮಮ್ಮ ಕೂಡ, ಅದು ಹೂ ಬಿಟ್ಟಾಗ ಅಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು.

ಈ ಸಲವೂ ಶಿವರಾತ್ರಿ ಕಳೆಯುತ್ತಲೇ ಗಿಡದ ತುಂಬ ಬಿಳಿ ಹೂ. ಬೀದಿಯವರೆಗೂ ಘಮ.

ಅವನು ಒಳಗೆ ಬರುವುದನ್ನು ನಿಲ್ಲಿಸಿದ್ದೂ ಆಗಲೇ.

ಬಲವಂತಕ್ಕೆ ತಾಳಿ ಕಟ್ಟುವವನು ನನಗೆ ಬೇಡ... ಎಂದು ಗಟ್ಟಿ ಮನಸ್ಸು ಮಾಡಿ, ಕರೆಯೋಲೆ ಬಂದ ಮರುದಿನ ಬೆಳಿಗ್ಗೆ ಅವಳು ಕೆ.ಆರ್. ನಗರದ ಬಸ್ಸು ಹತ್ತಿದಳು. ಹೊರಡುವಾಗ, ಅಭ್ಯಾಸದಂತೆ, ಒಂದು ಗೊಂಚಲು ಕವಳೆ ಹೂ ಮುಡಿದಿದ್ದಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಗಾಬರಿಯಾಗಿ ಎದ್ದು ನಿಂತ.

"ಈ ಮದ್ವೆ ಇಷ್ಟ ಇಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ. ನಮ್ಮಪ್ಪಂಗೆ ನಾನೇ ಹೇಳ್ತೀನಿ."

ಅವನು ಬಾಯಿ ತೆರೆದ. ಬಂದದ್ದು ಮಾತಲ್ಲ, ಸೀನು. ಒಂದರ ಹಿಂದೆ ಒಂದು. ಕಣ್ಣಲ್ಲಿ ಧಾರಾಕಾರ ನೀರು. ಬಾಗಿಲ ಬಳಿ ಸರಿದು ಅವಳ ಜಡೆಯತ್ತ ಕೈ ತೋರಿಸಿದ.

"ಆ ಹೂವು... ಆ ಹೂವು ಕಣ್ರೀ."

ಸ್ವಲ್ಪ ಸುಧಾರಿಸಿಕೊಂಡು ಎಲ್ಲ ಹೇಳಿದ. ಚಿಕ್ಕಂದಿನಿಂದ ಆ ವಾಸನೆ ತಾಗಿದರೆ ಕಣ್ಣು ಉರಿದು ಉಸಿರು ಕಟ್ಟುತ್ತಿತ್ತಂತೆ. ಆದರೆ ಗಿಡದ ಮಾತು ಬಂದಾಗೆಲ್ಲ ಅವಳ ಮುಖ ಅರಳುವುದನ್ನು ಕಂಡವನಿಗೆ, ಅದು ತನಗೆ ಆಗದು ಎನ್ನಲು ಬಾಯಿ ಬಂದಿರಲಿಲ್ಲ. ಹೂ ಮುಗಿಯುವವರೆಗೆ ಗೇಟಿನಾಚೆಯೇ ನಿಂತು ಹೇಗೋ ದಿನ ದೂಡೋಣ ಎಂದುಕೊಂಡಿದ್ದ.

ಹೇಮಶ್ರೀ ಹೂ ಕಿತ್ತು ರಸ್ತೆಗೆಸೆದಳು. ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕಳು. ನಗುತ್ತಲೇ ಅತ್ತಳು.

"ಆ ಗಿಡ ಕಿತ್ತಾಕ್ತೀನಿ ಬುಡಿ."

"ಬ್ಯಾಡಿ. ಅದ್ರದೊಂದು ಸಸಿ ತನ್ನಿ. ನಮ್ಮ ಹಿತ್ತಲ ಕೊನೇಲಿ ಗುಂಡಿ ತೆಗ್ದಿಟ್ಟಿವ್ನಿ."

ಅವಳು ಕಣ್ಣೊರೆಸಿಕೊಂಡು ಅವನತ್ತ ನೋಡಿದಳು.

"ಹೂ ಬಿಡಕ್ಕೆ ಮೂರು ವರ್ಷ ಬೇಕು," ಎಂದಳು ಮೆಲ್ಲಗೆ.

"ಅಷ್ಟೊತ್ತಿಗೆ ನಂಗೂ ರೂಢಿ ಆಯ್ತದೆ."

"ಆಗ್ದಿದ್ರೆ?"

"ಮಾತ್ರೆ ಕೊಡಕ್ಕೆ ನೀವಿರ್ತೀರಲ್ಲ."