ಒಣಗದ ಒಂದು ಮೊಳ

ತಮಿಳು ಸೀಮೆಯ ಮಡತ್ತುಕುಳಂನ ನಮ್ಮ ನೇಕಾರ ಬೀದಿಯ ಕನ್ನಡ ಮಾತುಗಳನ್ನೆಲ್ಲ ಕೂಡಿಸಿ ಪುಸ್ತಕ ಬರೆಯುತ್ತಿದ್ದ ಪಾದ್ರಿ ಸಾಮಿ, ಎಂಬತ್ತಾರನೇ ಇಸವಿಯಲ್ಲಿ ಅದು ಮುಗಿಯುವ ಮೊದಲೇ ತೀರಿಕೊಂಡರು. ನಾವು ಬೀದಿಯಲ್ಲಿ ಮಗ್ಗಕ್ಕೇರಿಸುವ ಹಾಸಿನ ಉದ್ದ ನೂಲು ಚಾಚಿ ಗಂಜಿ ಹಚ್ಚುವಾಗ ಅವರು ಪಕ್ಕದಲ್ಲೇ ಮುಕ್ಕಾಲಿ ಹಾಕಿಕೊಂಡು ನಮ್ಮ ಮಾತು ಬರೆದುಕೊಳ್ಳುತ್ತ ಕೂರುತ್ತಿದ್ದರು.

ಅವರನ್ನು ಮಣ್ಣು ಮಾಡಿದ ಮೇಲೆ ಅವರು ಕೂರುತ್ತಿದ್ದ ಜಾಗದಲ್ಲಿ ಮಾತ್ರ ಒಂದು ಮೊಳ ನೂಲು ಸುಡುಬಿಸಿಲಲ್ಲೂ ಒಣಗದೆ ತಣ್ಣಗಿರುತ್ತಿತ್ತು. ಮಗ್ಗಕ್ಕೇರಿಸಿದರೆ ಅಲ್ಲೇ ಕಡಿದುಹೋಗುತ್ತಿತ್ತು.

"ಇನ್ನೊಂದು ಹಾಸು ಕೆಟ್ಟರೆ ಕೂಲಿ ಕೊಡೋ ಮೊದಲಾಳಿ ನೂಲೇ ಕೊಡಲ್ಲ," ಎಂದು ಅಪ್ಪ ರೇಗಿದ.

"ಸಾಮಿಗೆ ಪುಸ್ತಕಕ್ಕೆ ಇನ್ನೇನೋ ಮಾತು ಬೇಕಾಗ್ಯದೆ, ಹೇಳ್ಬುಡು ಕಣ್ಣು," ಎಂದು ಪೊನ್ನಮ್ಮಜ್ಜಿ ನನ್ನ ಗಲ್ಲ ಸವರಿದಳು.

ಗೊತ್ತಿದ್ದ ಮಗ್ಗದ ಮಾತುಗಳನ್ನೆಲ್ಲ ಹೇಳಿದೆ. ನೂಲು ಒಣಗಲಿಲ್ಲ. ಜನರೆದುರು ಬಾಯಿಬಿಡದ ನಾನು ಕೊನೆಗೆ ಅರಚಿಬಿಟ್ಟೆ: "ಏಳಿ ಸಾಮಿ! ನಮ್ಮ ಅನ್ನದ ಮೇಲೇ ಕೂತಿದೀರಲ್ಲ!"

ನೂಲು ಒಣಗಿತು.

ಮರುದಿನ ಭಯಕ್ಕೆ ಹಾಸನ್ನು ಹಿಂದಿನ ಬೀದಿಯಲ್ಲಿ ಚಾಚಿದೆವು. ಅಲ್ಲಿ ಇಬ್ಬರು ಮುಕ್ಕಾಲಿ ಹಾಕಿಕೊಂಡು ಕೂತ ಹಾಗೆ, ಅಕ್ಕಪಕ್ಕದಲ್ಲಿ ಎರಡು ಕಡೆ ನೂಲು ಒಣಗಲಿಲ್ಲ.