ದೋಣಿಯ ನೆತ್ತಿಯ ಮೇಲೊಂದು ಕಣ್ಣು

"ಏಯ್! ನನ್ನ ದೋಣಿಗೆ ತೂತು ಕೊರೀತಿದ್ದೀಯಾ?!"

ರಸ್ಮಿನಿಯ ಆ ಕೂಗಿಗೆ ಬಾಲಿಯ ತಂಜುಂಗ್ ಬೆನೋವಾ ತೀರದ ಕೋಳಿಗಳೆಲ್ಲ ಮೊಟ್ಟೆ ಇಡುವುದನ್ನೇ ಮರೆತವು. ಆಚೆ ಲೊಂಬೊಕ್ ದ್ವೀಪದಲ್ಲಿ ಮಲಗಿದ್ದವರೂ ಎದ್ದು ಕೂತರಂತೆ. ನಂಬದಿದ್ದರೆ ಹೋಗಿ ಕೇಳಿ!

ದೋಣಿಯ ಮೇಲೆ, ಪ್ರವಾಸಿಗರನ್ನು ಕೂರಿಸಿ ಎಳೆದೊಯ್ಯುವ ಗಾಳಿ ತುಂಬಿದ ಬನಾನಾ ಬೋಟಿನ ಹಗ್ಗ ಕಟ್ಟುವ ಲೋಹದ ಕಮಾನಿನಿಂದ ಒಬ್ಬ ಯುವಕ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿದ್ದ. ಕೈಯಲ್ಲಿ ಡ್ರಿಲ್. ಬಾಯಲ್ಲಿ ಸ್ಕ್ರೂ.

"ಊಂ... ಊಂಊಂ..."

"ಬಾಯಲ್ಲಿರೋದನ್ನ ಉಗುಳಿ ಮಾತಾಡು!"

ಉಗುಳಿದ. ಸ್ಕ್ರೂ ಬುಳುಕ್ಕನೆ ಸಮುದ್ರ ಸೇರಿತು.

"ಅದು ತುಕ್ಕು ಹಿಡಿಯದ ಸ್ಕ್ರೂ, ಕ್ಯಾಪ್ಟನ್. ಡೆನ್ಪಸಾರ್ ಪೇಟೆ ಪೂರ್ತಿ ಸುತ್ತಿದ್ರೂ ಸಿಗಲ್ಲ."

"ಸಿಗದೇ ಇರಲಿ. ಇಳಿ ಕೆಳಗೆ!"

"ಇಳಿಯೋಕಾಗಲ್ಲ. ಕ್ಯಾಮೆರಾ ಕೂರಿಸು ಅಂತ ಪಾಕ್ ಸುಂದ್ರ ಹೇಳಿದ್ದಾರೆ. ನನ್ನ ಹೆಸರು ವಿರತ."

ಕ್ಯಾಮೆರಾ!

ಆ ತೀರದಲ್ಲಿ ಮರಳಿಗಿಂತ ಗಂಡಸು ಚಾಲಕರೇ ಹೆಚ್ಚು. ದೋಣಿ ಓಡಿಸುವ ಹೆಣ್ಣು ಮಾತ್ರ ಇವಳೊಬ್ಬಳೇ. ಮೊನ್ನೆಯಷ್ಟೇ ಒಬ್ಬ ಪ್ರವಾಸಿ, "ಈ ಹುಡುಗಿ ತಿರುವಿನಲ್ಲಿ ನಮ್ಮನ್ನು ಆಕಾಶಕ್ಕೇ ಎಸೆದುಬಿಟ್ಟಳು" ಎಂದು ದೂರಿದ್ದ. ಎಲ್ಲರೂ ಗೌರವದಿಂದ 'ಪಾಕ್' ಎನ್ನುವ, ದೋಣಿಯ ಮಾಲೀಕ ಸುಂದ್ರ ಮೀಸೆ ಕುಣಿಸುತ್ತಾ ಎಚ್ಚರಿಸಿದ್ದರು: "ಇನ್ನೊಂದು ಎಡವಟ್ಟಾದ್ರೆ ಕೀಲಿ ನನ್ನ ತಮ್ಮನ ಮಗನಿಗೆ ಹೋಗುತ್ತೆ. ತಿಳ್ಕೋ!"

'ನನ್ನ ತಪ್ಪು ಹಿಡಿಯೋಕೇ ಈ ಕ್ಯಾಮೆರಾ...' ಎಂದುಕೊಂಡಳು ರಸ್ಮಿನಿ. 'ಇವನೇ ಗೂಢಚಾರಿ!'

"ಅದರ ಕಣ್ಣು ಯಾರ ಕಡೆ?" ಎಂದು ಸಿಡುಕಿದಳು.

"ಹಿಂದಕ್ಕೆ. ಬನಾನಾ ಬೋಟಿನವರು ಕಿರುಚೋದನ್ನ ವಿಡಿಯೋ ಮಾಡಿ ಅವರಿಗೇ ಕೊಡೋಕೆ."

"ನನ್ನ ಕಡೆ ತಿರುಗಿಸು ಅಂತ ಪಾಕ್ ಹೇಳಿದ್ರೆ?"

"ತಿರುಗಿಸಲ್ಲ." ಅವನು ತಲೆಕೆಳಗಾಗಿಯೇ ನಕ್ಕ. "ಆ ಕಡೆ ನೋಡೋಕೆ ನಾನಿದ್ದೀನಲ್ಲ."

ಅಯ್ಯೋ, ಆ ನಗು! ಅದನ್ನು ಉಪ್ಪಿನಕಾಯಿ ಹಾಕಿ ಭರಣಿಯಲ್ಲಿಟ್ಟಿದ್ದರೆ ಇಡೀ ಬಾಲಿ ದ್ವೀಪ ವರ್ಷವಿಡೀ ನೆಂಚಿಕೊಳ್ಳಬಹುದಿತ್ತು.

ಕ್ಯಾಮೆರಾದ ಸ್ವಂತ ಬ್ಯಾಟರಿ ಆ ಬಿಸಿಲಿಗೆ ಬಾಳುವುದಿಲ್ಲ. ದೋಣಿಯ ಬ್ಯಾಟರಿಯಿಂದಲೇ ವೈರ್ ಎಳೆಯಬೇಕು, ಅದೂ ಕಮಾನಿನ ಟೊಳ್ಳು ಕೊಳವೆಯ ಒಳಗಿನಿಂದ. ಮೇಲಿನಿಂದ ವಿರತ ತಳ್ಳಿದ. ಕೆಳಗೆ ರಸ್ಮಿನಿ ಬೈಯುತ್ತಲೇ ಎಳೆದಳು.

"ಬಂತಾ?"

"ಬಂದಿದ್ರೆ ಹೇಳ್ತಿರಲಿಲ್ವಾ? ಗಂಡಸರಿಗೆ ತಾಳ್ಮೇನೇ ಇಲ್ಲ!"

ಕೊನೆಗೆ ವೈರಿನ ತುದಿ ಇಣುಕಿತು. ಹಿಡಿಯಲು ಅವಳೂ ಕೈ ಚಾಚಿದಳು, ಇಳಿದು ಬಂದ ಅವನೂ ಚಾಚಿದ. ಬೆರಳಿಗೆ ಬೆರಳು ತಾಗಿತು...

ಆಗ ಹರಿದ ವಿದ್ಯುತ್ತಿನಲ್ಲಿ ಬಾಲಿಯ ದೀಪಗಳೆಲ್ಲ ಒಂದು ವಾರ ಉರಿಯಬಹುದಿತ್ತು. ದೋಣಿಯ ಬ್ಯಾಟರಿಯನ್ನು ಇನ್ನೂ ಜೋಡಿಸಿರಲೇ ಇಲ್ಲ!

ಮರುದಿನ ಅವನು ವೈರ್ ಹೊಕ್ಕ ತೂತುಗಳಿಗೆಲ್ಲ ಮೇಣ ಮೆತ್ತಿದ. ಅದರ ಮರುದಿನ, ಬಿಚ್ಚಿಕೊಂಡರೂ ಕ್ಯಾಮೆರಾ ನೀರುಪಾಲಾಗದಂತೆ ಅದಕ್ಕೊಂದು ಹಗ್ಗ ಬಿಗಿದ. ರಸ್ಮಿನಿ ಬೈಯುತ್ತಲೇ ಅವನಿಗೆ ಬಾಳೆಲೆಯಲ್ಲಿ ಅನ್ನ, ಮೀನು, ಖಾರದ ಸಾಂಬಲ್ ಚಟ್ನಿ ಕಟ್ಟಿ ತಂದಳು. ಖಾರಕ್ಕೆ ಅವನ ಕಿವಿಯಿಂದ ಹೊಗೆ ಬಂತು. ಆದರೂ ಎಲೆ ಖಾಲಿ!

ಅಷ್ಟರಲ್ಲಿ ತುಂಪೆಕ್ ಲಂಡೆಪ್ ಬಂತು. ಕತ್ತಿ, ಬೈಕು, ಎಂಜಿನ್, ಕಬ್ಬಿಣವೆಂಬ ಕಬ್ಬಿಣಕ್ಕೆಲ್ಲ ಪೂಜೆಯ ದಿನ. ಎಲ್ಲರೂ ದೋಣಿಗೊಂದು, ತೆಂಗಿನ ಗರಿಯಲ್ಲಿ ಹೆಣೆದ ಅಕ್ಕಿ-ಹೂವಿನ ತಟ್ಟೆ ಇಟ್ಟರೆ, ರಸ್ಮಿನಿ ಯಾರಿಗೂ ಕಾಣದಂತೆ ಎರಡು ಇಟ್ಟಳು. ಒಂದು ಎಂಜಿನ್ನಿಗೆ. ಇನ್ನೊಂದು... ಕ್ಯಾಮೆರಾಕ್ಕೆ!

ಮರುದಿನ ಮೊದಲ ಓಟ. ಹಿಂದೆ ಬನಾನಾ ಬೋಟಿನಲ್ಲಿ ಸುರಬಾಯಾ ಪಟ್ಟಣದಿಂದ ಬಂದ ಕುಟುಂಬ. ಕ್ಯಾಮೆರಾ ಪರೀಕ್ಷಿಸಲು ವಿರತನೂ ದೋಣಿ ಹತ್ತಿದ್ದ.

ತೀರ ದೂರವಾಗಿತ್ತು. ಇದ್ದಕ್ಕಿದ್ದಂತೆ ಅವನು ಕೂಗಿದ.

"ಕ್ಯಾಪ್ಟನ್! ಕ್ಯಾಮೆರಾದ ದೀಪ ಆರಿಹೋಯ್ತು!"

"ಅದಿರಲಿ... ನನ್ನ ಕಾಲು ಯಾಕೆ ಒದ್ದೆ?"

ಇಬ್ಬರೂ ಕೆಳಗೆ ನೋಡಿದರು. ನೀರು!

ಹಳೆಯ ದೋಣಿ. ತಳದಲ್ಲಿ ನೀರು ಜಿನುಗುತ್ತಲೇ ಇರುತ್ತದೆ, ಪಂಪ್ ಅದನ್ನು ಹೊರಗೆ ಚೆಲ್ಲುತ್ತಲೇ ಇರುತ್ತದೆ. ಇವತ್ತು ಪಂಪಿನ ಸದ್ದೇ ಇಲ್ಲ!

"ನಿಲ್ಲಿಸು!"

"ನಿಲ್ಲಿಸಿದ್ರೆ ಹಿಂಭಾಗ ನೀರಲ್ಲಿ ಕೂತುಬಿಡುತ್ತೆ! ನೀನು ನೀರು ಎತ್ತಿ ಹಾಕು!"

ಅವನು ಬಕೆಟ್ಟು ಹಿಡಿದ. ಅವಳು ಹಲ್ಲುಕಚ್ಚಿ ತೀರದ ಕಡೆ ತಿರುಗಿಸಿದಳು. ನೀರು ಪಾದ ದಾಟಿತು... ಮೊಣಕಾಲಿಗೆ ಬಂತು... ಎಂಜಿನ್ ಕೆಮ್ಮಿತು.

'ದೇವರೇ, ಹಿಂದೆ ಮಕ್ಕಳಿದ್ದಾರೆ... ಕೀಲಿ ಹೋದ್ರೆ ಹೋಗ್ಲಿ, ಇವರನ್ನ ದಡ ಸೇರಿಸು!'

ಆಳ ಕಡಿಮೆಯಾದಲ್ಲಿ ವಿರತ ಹಗ್ಗ ಬಿಚ್ಚಿದ. ಬನಾನಾ ಬೋಟು ತಣ್ಣಗೆ ಮರಳಿಗೆ ತೇಲಿತು. ದೋಣಿ ಮಾತ್ರ ಭರ್ರನೆ ದಡಕ್ಕೆ ನುಗ್ಗಿ ಸತ್ತ ತಿಮಿಂಗಿಲದಂತೆ ಒರಗಿ ಕೂತಿತು. ಸುರಬಾಯಾದವರು ಅದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿ, "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದರು.

ಪಾಕ್ ಸುಂದ್ರ ಜ್ವಾಲಾಮುಖಿಯಾಗಿ ಓಡಿಬಂದರು. "ಯಾರದ್ದಿದು ಕೆಲಸ?!"

ರಸ್ಮಿನಿ ವಿರತನ ಕಡೆ ಬೆರಳು ತೋರಿಸಿದಳು. ಭಯವೇ ಬಾಯಿಯಿಂದ ಹೊರಬಂತು. "ಇವನ ವೈರಿಂಗೇ, ಪಾಕ್! ಕ್ಯಾಮೆರಾನೂ ಪಂಪೂ ಒಟ್ಟಿಗೇ ಸತ್ತವು!"

ವಿರತ ಆಗಲೇ ತಳದ ಮುಚ್ಚಳ ತೆರೆದು ಪಂಪಿಗೆ ಕೈ ಹಾಕಿದ್ದ. ಏನೋ ಸಿಕ್ಕಿತು. ನೋಡಿದ... ಮುಷ್ಟಿ ಮುಚ್ಚಿಕೊಂಡ.

"ಹೌದು ಪಾಕ್. ನನ್ನದೇ ತಪ್ಪು."

"ಹಾಗಾದ್ರೆ ಗಂಟುಮೂಟೆ ಕಟ್ಟು! ನಿನ್ನ ನೆರಳೂ ಈ ಮರಳಿನ ಮೇಲೆ ಬೀಳಬಾರದು!"

ಅವನು ಡ್ರಿಲ್ ಎತ್ತಿಕೊಂಡು ಹೊರಟ. ಅವಳ ಕಡೆ ನೋಡಲೂ ಇಲ್ಲ. ಅದೇ ಅವಳಿಗೆ ಚುಚ್ಚಿತು.

'ಇಷ್ಟು ಸುಲಭಕ್ಕೆ ಯಾಕೆ ಒಪ್ಕೊಂಡ?'

ಒಬ್ಬಳೇ ದೋಣಿಗೆ ಬಗ್ಗಿ ಪಂಪಿನ ಬಾಯಿಗೆ ಬೆರಳು ಹಾಕಿದಳು. ಮೊದಲು ಬಂದದ್ದು ತೆಂಗಿನ ಗರಿಯ ಚೂರು. ಆಮೇಲೆ ಮುದ್ದೆಯಾದ ಅಕ್ಕಿ. ಆಮೇಲೆ ಚೆಂಡುಹೂವಿನ ಎಸಳು... ಇನ್ನೊಂದು ಎಸಳು... ಇನ್ನೊಂದು...

ಅವಳದೇ ಪೂಜೆ! ಕ್ಯಾಮೆರಾಕ್ಕೆ ಇಟ್ಟ ತಟ್ಟೆ ಜಾರಿ ತಳಕ್ಕೆ ಬಿದ್ದು ಪಂಪಿನ ಗಂಟಲು ಕಟ್ಟಿತ್ತು. ಪಂಪ್ ತಿರುಗಲಾರದೆ ಫ್ಯೂಸ್ ಸುಟ್ಟಿತ್ತು. ಅದೇ ತಂತಿಗೆ ಜೋಡಿಸಿದ್ದ ಕ್ಯಾಮೆರಾವೂ ಜೊತೆಗೇ ಹೋಗಿತ್ತು.

'ಅವನಿಗೆ ಗೊತ್ತಿತ್ತು... ನನಗೋಸ್ಕರ ಮುಷ್ಟಿ ಮುಚ್ಚಿದ!'

ಸುಮ್ಮನಿದ್ದರೆ ಕೀಲಿ ಉಳಿಯುತ್ತದೆ. ಬಾಯಿ ತೆರೆದರೆ ಹೋಗುತ್ತದೆ. ಅವಳು ಎಸಳುಗಳನ್ನು ಅಂಗೈಯಲ್ಲಿ ಬಿಗಿಹಿಡಿದಳು. ಆಮೇಲೆ ಎಂಥ ಓಟ ಅಂತೀರಿ! ಗಾಳಿಯೇ ಹಿಂದೆ ಬಿದ್ದು ಏದುಸಿರು ಬಿಟ್ಟಿತು.

ವಿರತ ಬೈಕಿಗೆ ಚೀಲ ಬಿಗಿಯುತ್ತಿದ್ದ. ಪಕ್ಕದಲ್ಲೇ ಪಾಕ್ ಸುಂದ್ರ, ಸುತ್ತ ಇಡೀ ತೀರ.

"ಪಾಕ್!" ಅವಳು ಒದ್ದೆ ಎಸಳುಗಳ ಅಂಗೈ ಚಾಚಿದಳು. "ಪಂಪ್ ಕಟ್ಟಿದ್ದು ನನ್ನ ಹೂವು. ಅವನಲ್ಲ."

"ಕ್ಯಾಪ್ಟನ್, ಬೇಡ..." ವಿರತ ಪಿಸುಗುಟ್ಟಿದ.

"ನೀನು ಸುಮ್ನಿರು! ಪಾಕ್, ಕೀಲಿ ತಗೊಳ್ಳಿ."

"ಪಂಪಿನ ತಂತಿಗೇ ಕ್ಯಾಮೆರಾ ಜೋಡಿಸಿದ್ದು ನನ್ನ ಸೋಮಾರಿತನ, ಪಾಕ್!" ಅವನೂ ಮುಂದೆ ಬಂದ. "ಬೇರೆ ಬೇರೆ ಇದ್ದಿದ್ರೆ, ಪಂಪ್ ನಿಂತ್ರೂ ಕ್ಯಾಮೆರಾ ಉರೀತಿತ್ತು, ತಪ್ಪು ಎಲ್ಲಿದೆ ಅಂತ ಆಗಲೇ ಗೊತ್ತಾಗ್ತಿತ್ತು!"

"ನಂದು!"

"ಇಲ್ಲ, ನಂದು!"

ಪಾಕ್ ಸುಂದ್ರರ ಮೀಸೆ ಗಾಳಿಯಿಲ್ಲದೆಯೂ ಅಲುಗಾಡಿತು. "ಥೂ, ಕಿವಿ ಹೋಯ್ತು! ಹೂವು ಇಟ್ಟಳು ಅಂತ ಕೆಲಸದಿಂದ ತೆಗೆದ್ರೆ ನಮ್ಮಮ್ಮ ನನ್ನನ್ನ ಮನೆಯಿಂದ ತೆಗೀತಾಳೆ. ಈ ವಾರ ಕೀಲಿ ನನ್ನ ಹತ್ರ. ನೀನು ಲೈಫ್ ಜಾಕೆಟ್ ತೊಳಿ. ನೀನು ವೈರೆಲ್ಲ ಕಿತ್ತು ಹೊಸದಾಗಿ ಎಳಿ, ಪಂಪಿಗೆ ಬೇರೆ, ಕ್ಯಾಮೆರಾಕ್ಕೆ ಬೇರೆ. ನಡೀರಿ!"

ಅವರು ಹೋದ ಮೇಲೆ ಇಬ್ಬರೇ ಉಳಿದರು. ಇಬ್ಬರೇ ಅಂದರೆ, ತೆಂಗಿನ ಮರಗಳ ಹಿಂದೆ ಕಿವಿ ಚಾಚಿ ನಿಂತ ಅರ್ಧ ಊರನ್ನು ಬಿಟ್ಟು.

"ಕ್ಷಮಿಸು ಬ್ಲಿ..." ಅಂದಳು.

'ಬ್ಲಿ' ಅಂದರೆ ಅಣ್ಣ; ಆದರೆ ಇವಳು ಅಂದದ್ದು, ಬಾಲಿಯಲ್ಲಿ ಹೆಂಡತಿ ಗಂಡನನ್ನು ಹಾಗೆ ಕರೆಯುವ ದನಿಯಲ್ಲಿ! ಮರಗಳ ಹಿಂದೆ ಯಾರೋ ಉಸಿರು ಎಳೆದುಕೊಂಡರು.

"ಎಂಜಿನ್ನಿಗೆ ಪೂಜೆ ಸರಿ," ಅಂದ ಅವನು ಮೆಲ್ಲಗೆ. "ಕ್ಯಾಮೆರಾದ ಹಗ್ಗಕ್ಕೂ ಎಸಳು ಅಂಟಿತ್ತಲ್ಲ, ಅದಕ್ಕೆ ಯಾಕೆ ಪೂಜೆ? ಏನು ಬೇಡಿಕೊಂಡೆ?"

"ಕೆಡದೇ ಇರಲಿ ಅಂತ."

"ಸುಳ್ಳು."

ಅವಳು ಕಾಲ್ಬೆರಳಲ್ಲಿ ಮರಳು ಕೆದಕಿದಳು. "ಇದರ ಕೆಲಸ... ಮುಗೀದೇ ಇರಲಿ ಅಂತ. ಮುಗಿದ್ರೆ ನೀನು ಹೋಗಿಬಿಡ್ತೀಯಲ್ಲ."

ವಿರತ ಕಣ್ಣೊರೆಸಿಕೊಂಡು ನಕ್ಕ. "ದೇವರು ಚೆನ್ನಾಗೇ ಕೇಳಿಸ್ಕೊಂಡಿದ್ದಾನೆ. ಪೂರ್ತಿ ಮೊದಲಿಂದ ಮಾಡಬೇಕು."

ಹೊಸ ವೈರಿನ ಸುರುಳಿ ಬಿಚ್ಚಿ ಕಮಾನಿಗೆ ಅಳತೆ ಹಿಡಿದ. ಅವಳ ಮುಖ ನೋಡಿದ. ಬೇಕೆಂದೇ ಒಂದು ಗೇಣು ಗಿಡ್ಡ ಕತ್ತರಿಸಿದ.

"ಅಯ್ಯೋ... ಸಾಲಲಿಲ್ಲ!" ಅಂದಳು ರಸ್ಮಿನಿ.

"ಹೌದಲ್ವಾ? ನಾಳೆ ಮತ್ತೆ ಬರಬೇಕಾಗುತ್ತೆ."

"ನಾಳೇನೂ ಸಾಲದೇ ಹೋದ್ರೆ?"

ಈ ಸಲ ಅವನ ಬಾಯಿಗೆ 'ಕ್ಯಾಪ್ಟನ್' ಬರಲಿಲ್ಲ, ಬಾಲಿಯಲ್ಲಿ ಹುಡುಗಿಯನ್ನು ಮುದ್ದಾಗಿ ಕರೆಯುವ ಮಾತು ಬಂತು.

"ನಾನು ತುಂಬಾ ನಿಧಾನದ ಕೆಲಸಗಾರ, ಗೆಕ್..."