ಐದು ಪ್ರಶ್ನೆಗಳ ಪುಟ

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಬೆಟ್ಟದ ಸೈಕಲ್ ಸ್ಪರ್ಧೆಯಲ್ಲಿ ಅವಳ ಮಗ ಬಿದ್ದು ಸತ್ತಿದ್ದ. ಅವನಿಗೆ ಇಪ್ಪತ್ತೆರಡು ವರ್ಷ.

“ಕ್ಲಬ್ಬಿನವರು ದಾರಿ ಸರಿ ಮಾಡಿಲ್ಲ ಸ್ವಾಮಿ. ತಪ್ಪು ಮಾಡಿದವರನ್ನ ಬಿಡಬೇಡಿ.”

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ಯಾರಾದ್ರೂ ಆಗ್ಲಿ. ನನಗಿದ್ದದ್ದು ಎರಡು ಕಣ್ಣು. ಒಂದು ಹೋಯ್ತು.”

ಹಿರಿಯ ಮಗಳು ತಾಯಿಯ ಕೈಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್; ಅಭ್ಯಾಸ ಮತ್ತು ಸ್ಪರ್ಧೆಯ ದಿನಗಳಲ್ಲಿ ಕ್ಲಬ್ಬಿನ ಪ್ರಥಮ ಚಿಕಿತ್ಸೆಯೂ ಅವಳದೇ. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಇಳಿಜಾರು ನೋಡಿ ಹಳೆಯ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. “ಇಳಿಯೋಕೆ ಸೈಕಲ್ ಯಾಕೆ ಸರ್? ಕಾಲು ಜಾರಿದ್ರೆ ಸಾಕು.”

ಆದರೆ ಹುಡುಗ ಬಿದ್ದ ತಿರುವಿನಲ್ಲಿ ಬಂಡೆಯಿರಲಿಲ್ಲ, ಹಳ್ಳವಿರಲಿಲ್ಲ. ಮೆತ್ತನೆಯ ಹುಲ್ಲಿತ್ತು.

“ಇಲ್ಲಿ ಹವ್ಯಾಸಿಗಳು ದಿನಾ ಬೀಳ್ತಾರೆ,” ಎಂದರು ಕ್ಲಬ್ಬಿನ ಕಾರ್ಯದರ್ಶಿ. “ಕೈ ಊರಿ ಮಣಿಕಟ್ಟು ಮುರ್ಕೋತಾರೆ, ಭುಜ ತಪ್ಪುತ್ತೆ. ಪಳಗಿದವರು ಬಿದ್ರೆ ಮೇಲೆ, ಬಂಡೆ ಹತ್ರ, ವೇಗದಲ್ಲಿ ಬೀಳ್ತಾರೆ. ಅವರಿಗೆ ಏಟು ತಲೆಗೇ, ಕತ್ತಿಗೇ. ಇವನಂಥವನು ಇಲ್ಲಿ ಬಿದ್ದು ಸತ್ತ ಅಂದ್ರೆ ನನಗೇ ನಂಬೋಕಾಗ್ತಿಲ್ಲ.”

ಬುಧವಾರ ಶವಪರೀಕ್ಷೆಯ ವರದಿ ಬಂತು. ಇನ್‌ಸ್ಪೆಕ್ಟರ್ ವೈದ್ಯರನ್ನು ಕಂಡರು.

“ತಲೆಯೊಳಗೆ ಎರಡು ಸಲ ರಕ್ತ ಸೋರಿದೆ,” ಎಂದರು ವೈದ್ಯರು. “ಒಂದು ಭಾನುವಾರದ್ದು. ಇನ್ನೊಂದು ಅದಕ್ಕೂ ಎಂಟು ಹತ್ತು ದಿನ ಹಿಂದಿನದು. ಮೊದಲನೇದು ಮಾಯೋ ಮುಂಚೆ ಸಣ್ಣ ಏಟು ಬಿದ್ರೂ ಸಾಕು.”

ಅಂದೇ ಪಂಚರ ಸಮಕ್ಷಮ ಕ್ಲಬ್ಬಿನ ಗಾಯಗಳ ರಿಜಿಸ್ಟರ್ ವಶಪಡಿಸಿಕೊಳ್ಳಲಾಯಿತು. ತಲೆಗೆ ಏಟು ಬಿದ್ದವನಿಗೆ ಅಲ್ಲೇ ಐದು ಪ್ರಶ್ನೆ ಕೇಳಿ, ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಒಂದು ಉತ್ತರ ತಪ್ಪಿದರೂ ಹದಿನಾಲ್ಕು ದಿನ ಸೈಕಲ್ ಮುಟ್ಟುವಂತಿಲ್ಲ. ಇದು ಕ್ಲಬ್ಬಿನ ನಿಯಮ. ಮಾರ್ಚ್ ಒಂದನೆಯ ತಾರೀಕಿನ ಅಭ್ಯಾಸದಲ್ಲಿ ಹುಡುಗ ಬಿದ್ದಿದ್ದ. ಪುಟ ತುಂಬಿದ್ದು ಅಕ್ಕ. ಐದಕ್ಕೆ ಐದೂ ಸರಿ. ಕೊನೆಯ ಪ್ರಶ್ನೆ: ನಿನಗಿಂತ ಮುಂಚೆ ಹೊರಟವನು ಯಾರು? ಉತ್ತರ: ಹದಿನೇಳನೆಯ ನಂಬರು.

ಬೆಟ್ಟದ ತುದಿಯಲ್ಲಿ ನಿಮಿಷಕ್ಕೊಬ್ಬರಂತೆ ಸವಾರರನ್ನು ಬಿಡುವವರು ನಿವೃತ್ತ ಡ್ರಿಲ್ ಮಾಸ್ತರರು. ಸವಾರರು ಹೊರಟ ಕ್ರಮ ಬರೆದಿಟ್ಟ ಹಾಳೆಯನ್ನು ಕಾನ್‌ಸ್ಟೇಬಲ್ ಅವರಿಂದ ಕೇಳಿದ.

“ಅಚ್ಚಾದ ಪಟ್ಟಿಯಲ್ಲಿ ಇವನ ಮುಂದೆ ಹದಿನೇಳು ಇದೆ. ಅವತ್ತು ಅವನ ಟೈರು ಪಂಕ್ಚರ್, ಕೊನೆಗೆ ಬಿಟ್ಟೆ,” ಎಂದರು ಮಾಸ್ತರರು. “ಇವನ ಮುಂದೆ ಹೋದದ್ದು ಇಪ್ಪತ್ತಮೂರು. ಕೆಳಗಿದ್ದವರಿಗೆ ಈ ಬದಲಾವಣೆ ಹೇಳೋದು ಮರೆತೆ.”

ಇಪ್ಪತ್ತಮೂರನೆಯ ನಂಬರಿನವನು ಒಬ್ಬ ಬಡಗಿ. ಅವತ್ತು ಹಿಂದೆ ಬಿದ್ದ ಸದ್ದು ಕೇಳಿ ಅವನೇ ಮರಳಿ ಹತ್ತಿ ಹೋಗಿ ಹುಡುಗನನ್ನು ಎತ್ತಿದ್ದ.

“ನಾವೆಲ್ಲಿದೀವಿ ಅಂತ ಮೂರು ಸಲ ಕೇಳಿದ ಸರ್. ಕೆಳಗೆ ಕರ್ಕೊಂಡು ಹೋದೆ. ಅಕ್ಕ ನೋಡಿ, ಏನಿಲ್ಲ, ಸರಿಯಾಗಿದಾನೆ ಅಂದ್ರು. ಒಡಹುಟ್ಟಿದವರ ಮಾತು ಮೀರಿ ನಾನೇನು ಹೇಳಲಿ?”

ಗುರುವಾರ ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಹೋದರು. ಅಕ್ಕ ಬ್ಯಾಂಡೇಜ್ ಸುತ್ತಿಡುತ್ತಿದ್ದಳು.

“ಐದನೇ ಉತ್ತರ ಅವನೇ ಹೇಳಿದ್ದಾ?”

“ಹೌದು.”

“ಅವನ ಮುಂದೆ ಹೋದದ್ದು ಹದಿನೇಳಲ್ಲಮ್ಮ. ಬಡಗಿ ಹೇಳಿಕೆ ಕೊಟ್ಟಿದಾನೆ.”

ಅವಳು ಕೈಯಲ್ಲಿದ್ದುದನ್ನು ಸುತ್ತಿ ಮುಗಿಸಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದಳು.

“ಎರಡಕ್ಕೆ ಉತ್ತರ ಹೇಳಿದ. ಉಳಿದ ಮೂರು ನಾನೇ ಬರ್ದೆ. ಐದನೇದು ಪಟ್ಟಿ ನೋಡಿ ಬರ್ದೆ.”

“ಯಾಕೆ?”

“ಹತ್ತನೇ ತಾರೀಕಿನ ಸ್ಪರ್ಧೆಯಲ್ಲೇ ತಂಡದ ಆಯ್ಕೆ. ನಿನಗಾದದ್ದು ನನಗಾಗೋದು ಬೇಡ ಅಕ್ಕಾ ಅಂತ ಕಾಲು ಹಿಡ್ಕೊಂಡ.”

ಆರು ವರ್ಷಗಳ ಹಿಂದೆ ಅವಳೂ ಸೈಕಲ್ ಸ್ಪರ್ಧಿಯಾಗಿದ್ದಳು. ಹೀಗೆಯೇ ಬಿದ್ದು, ಉತ್ತರ ತಪ್ಪಿ, ಹದಿನಾಲ್ಕು ದಿನ ಮನೆಯಲ್ಲಿ ಕೂತಿದ್ದಳು. ಅಷ್ಟರಲ್ಲಿ ಆಯ್ಕೆ ಮುಗಿದಿತ್ತು. ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ.

“ಆ ಹದಿನಾಲ್ಕು ದಿನ ನನ್ನ ಜೀವ ಉಳಿಸಿತ್ತು ಸರ್,” ಎಂದಳು. “ನಾನು ಅದನ್ನ ಶಿಕ್ಷೆ ಅಂದ್ಕೊಂಡಿದ್ದೆ.”

ಐದು ಇಪ್ಪತ್ತಕ್ಕೆ ಅವಳ ಬಂಧನವಾಯಿತು. ಸುಳ್ಳು ದಾಖಲೆ, ನಿರ್ಲಕ್ಷ್ಯದಿಂದ ಸಾವು.

ಸುದ್ದಿ ತಿಳಿದು ತಾಯಿ ಠಾಣೆಗೆ ಬಂದಳು. “ದೂರು ವಾಪಸ್ ತಗೋತೀನಿ.”

“ಇನ್ನು ಆಗಲ್ಲ ತಾಯಿ.”

ಅವಳು ಬೆಂಚಿನ ಮೇಲೆ ಕೂತು ಬಹಳ ಹೊತ್ತು ದೇವರ ಹೆಸರು ಹೇಳಿಕೊಂಡಳು. ಆಮೇಲೆ ಎದ್ದು ಮೇಜಿನ ಹತ್ತಿರ ಬಂದಳು.

“ಆ ವಾರವೆಲ್ಲ ತಲೆನೋವು ಅಂತಿದ್ದ. ಸುಮ್ನೆ ನೆಪ ಹೇಳ್ಬೇಡ, ಹೋಗಿ ಅಭ್ಯಾಸ ಮಾಡು ಅಂದೆ. ಹಾಗಂದವಳು ನಾನು. ಅದನ್ನೂ ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಹೊಸ ಹಾಳೆ ತೆಗೆದುಕೊಂಡು, ಮೇಲೆ ತಾರೀಕು ಹಾಕಿ, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು.